ಒಬ್ಬಳಿಗೆ ಮಾತ್ರ ಪಿಂಗಾಣಿ ಕಪ್ಪು: ಮನೆಯವರು ಮನೆಯವರನ್ನೇ ಅಪಾರ್ಥ ಮಾಡಿಕೊಳ್ಳುವ ಬಗೆ

ಕೊಡಗಿನ ಸೋಮವಾರಪೇಟೆ ಕಡೆ ಮಳೆಗಾಲದಲ್ಲಿ ನಾಟಕದ ತಾಲೀಮು ಮಾಡಿದರೆ ಅರ್ಧ ಮಾತು ಮಳೆಯ ಪಾಲು. ಹೆಂಚಿನ ಮಾಡಿನ ಮೇಲೆ ಮಳೆ ಹೊಡೆಯಲು ಶುರುವಾದರೆ ಎದುರಿಗೆ ನಿಂತವರ ಮಾತೂ ಕೇಳುವುದಿಲ್ಲ. ಹಾಗೊಂದು ಸಂಜೆ ನಾವು ಕೆಲವರು ಸೇರಿ ಒಂದು ಸಂಸಾರದ ನಾಟಕದ ತಾಲೀಮು ಮಾಡುತ್ತಿದ್ದೆವು. ಬರೆದದ್ದೂ ನಾವೇ. ಅಪ್ಪ, ಅವ್ವ, ತೋಟ ನೋಡಿಕೊಳ್ಳುವ ಅಣ್ಣ, ಅತ್ತಿಗೆ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ತಮ್ಮ, ಅವನ ಹೆಂಡತಿ. ಇಷ್ಟೇ ಪಾತ್ರಗಳು. ಪಾತ್ರಗಳಿಗೆ ಹೆಸರು ಕೂಡ ಇಟ್ಟಿರಲಿಲ್ಲ.

ಅವತ್ತಿನ ದೃಶ್ಯ ತುಂಬಾ ಚಿಕ್ಕದು. ತಮ್ಮನ ಹೆಂಡತಿ ಮದುವೆಯಾದ ಮೇಲೆ ಎರಡನೇ ಸಲ ಊರಿಗೆ ಬಂದಿದ್ದಾಳೆ. ಅತ್ತಿಗೆ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಬೆಲ್ಲದ ಕಾಫಿ ಕೊಡುತ್ತಾಳೆ. ಆಮೇಲೆ ಶೋಕೇಸಿನ ಬಾಗಿಲು ತೆಗೆದು, ಅಂಚಿಗೆ ಚಿನ್ನದ ಗೆರೆ ಇರುವ ಪಿಂಗಾಣಿ ಕಪ್ಪೊಂದನ್ನು ಹೊರಗೆ ತೆಗೆಯುತ್ತಾಳೆ. ಸೆರಗಿನಿಂದ ಒರೆಸುತ್ತಾಳೆ. ಅದಕ್ಕೆ ಕಾಫಿ ಹಾಕಿ ಓರಗಿತ್ತಿಯ ಕೈಗೆ ಕೊಡುತ್ತಾಳೆ. ಅಷ್ಟೇ.

ತಮ್ಮನ ಹೆಂಡತಿಯ ಪಾತ್ರ ಮಾಡುತ್ತಿದ್ದ ಹುಡುಗಿ ಅಲ್ಲೇ ನಿಂತುಬಿಟ್ಟಳು. "ನಾನು ಇದನ್ನ ಖುಷಿಯಿಂದ ತಗೋಬೇಕಾ, ಬೇಜಾರಿಂದ ತಗೋಬೇಕಾ?" ಅಂದಳು.

"ಖುಷಿಯಿಂದ ತಾನೇ!" ಅಂದರು ಅತ್ತಿಗೆಯ ಪಾತ್ರದವರು. "ನನ್ನ ಮದುವೆಗೆ ಬಂದ ಕಪ್ಪು ಅದು. ಯಾರಿಗೂ ಕೊಡದ್ದು ನಿಂಗೆ ಕೊಡ್ತಿದ್ದೀನಿ."

"ಅಲ್ಲ ಅಕ್ಕಾ, ಎಲ್ಲರಿಗೂ ಲೋಟ, ನಂಗೊಬ್ಬಳಿಗೆ ಕಪ್ಪು. ಹಾಗಂದ್ರೆ ನಾನಿನ್ನೂ ಈ ಮನೆಗೆ ನೆಂಟಳು ಅಂತ ತಾನೇ?"

ಅರ್ಧ ಗಂಟೆ ಚರ್ಚೆ ನಡೆಯಿತು. ಇಬ್ಬರ ಮಾತೂ ಸರಿಯೇ. ಕೊಟ್ಟವಳ ಮನಸ್ಸಿನಲ್ಲಿ ಇದ್ದದ್ದು ಗೌರವ. ತಗೊಂಡವಳಿಗೆ ಮುಟ್ಟಿದ್ದು ದೂರ. ಇಬ್ಬರಲ್ಲಿ ಒಬ್ಬರೂ ಕೆಟ್ಟವರಲ್ಲ, ಒಬ್ಬರೂ ಸುಳ್ಳು ಹೇಳಿಲ್ಲ. ಆದರೂ ಆ ಕಪ್ಪಿನಿಂದ ಮುಂದಿನ ಮೂರು ದೃಶ್ಯಗಳ ಜಗಳ ಹುಟ್ಟುತ್ತದೆ. ಸಂಸಾರದ ನಾಟಕ ನಡೆಯುವುದೇ ಇಂಥ ಎಣ್ಣೆಯಿಂದ. ಅದು ಹೇಗೆ ಅನ್ನುವುದನ್ನು ಬಿಡಿಸಿ ಹೇಳಬೇಕು ಅಂತ ಅವತ್ತಿನಿಂದ ಅನ್ನಿಸುತ್ತಿದೆ.

ಮೊದಲು ಒಂದು ವಿಷಯ ಬೇರೆ ಮಾಡಿಕೊಳ್ಳೋಣ. ಮೋಸ ಬೇರೆ, ಅಪಾರ್ಥ ಬೇರೆ. ಒಬ್ಬ ಸುಳ್ಳು ಹೇಳಿ ಇನ್ನೊಬ್ಬ ನಂಬಿದರೆ ಅದು ಮೋಸದ ಕತೆ. ಅಲ್ಲಿ ಖಳನಾಯಕ ಬೇಕು. ಅವನು ಸಿಕ್ಕಿಬಿದ್ದರೆ ಕತೆ ಮುಗಿಯಿತು. ಅಪಾರ್ಥದ ಕತೆಯಲ್ಲಿ ಹಿಡಿದುಕೊಡೋಕೆ ಯಾರೂ ಇಲ್ಲ. ಶಕುಂತಲೆಯ ಕತೆ ನೋಡಿ. ಮಹಾಭಾರತದ ಆದಿಪರ್ವದಲ್ಲಿ ದುಷ್ಯಂತನಿಗೆ ಎಲ್ಲ ನೆನಪಿದೆ. ನೆನಪಿದ್ದೂ ತುಂಬಿದ ಸಭೆಯಲ್ಲಿ "ನೀನು ಯಾರೋ" ಅನ್ನುತ್ತಾನೆ. ಆಕಾಶವಾಣಿ ಆದ ಮೇಲೆ ಒಪ್ಪಿಕೊಳ್ಳುತ್ತಾನೆ. ಕಾಳಿದಾಸ ಅದೇ ಕತೆಯನ್ನು ನಾಟಕ ಮಾಡುವಾಗ ದೂರ್ವಾಸರ ಶಾಪವನ್ನೂ ಉಂಗುರವನ್ನೂ ತಂದ. ಅಲ್ಲಿಗೆ ರಾಜ ಸುಳ್ಳುಗಾರನಲ್ಲ, ನಿಜವಾಗಿಯೂ ಗುರುತು ಸಿಗದವನು. ಅವಳು ಕಟ್ಟುಕತೆ ಹೇಳುತ್ತಿದ್ದಾಳೆ ಅಂತ ಅವನು ತಿಳಿಯುತ್ತಾನೆ, ಇವನು ಬೇಕಂತಲೇ ಕೈಬಿಟ್ಟ ಅಂತ ಅವಳು ತಿಳಿಯುತ್ತಾಳೆ. ಇಬ್ಬರೂ ತಮಗೆ ಕಂಡಷ್ಟರ ಮಟ್ಟಿಗೆ ಸರಿ. ನೋಡುವ ನಮಗೆ ಇಬ್ಬರ ಮೇಲೂ ಕನಿಕರ ಬರುತ್ತದೆ. ಶಾಪ ಅನ್ನುವುದು ಪುರಾಣದ ಸಲಕರಣೆ. ಈಗಿನ ಮನೆಗಳಲ್ಲಿ ಶಾಪದ ಕೆಲಸವನ್ನು ಬೇರೆ ಏನೇನೋ ಮಾಡುತ್ತವೆ.

ನಮ್ಮ ನಾಟಕದಲ್ಲಿ ಆ ಕೆಲಸ ಮಾಡಿದ್ದು ಕರೆಂಟು. ಕತೆಯ ಹಿಂದಿನ ಘಟನೆ ನಡೆಯುವುದು 2018ರ ಆಗಸ್ಟಿನಲ್ಲಿ. ಆ ಆಗಸ್ಟ್ ನೆನಪಿಲ್ಲದವರು ಕೊಡಗಿನಲ್ಲಿ ಯಾರೂ ಇಲ್ಲ. ಗುಡ್ಡಗಳು ಕುಸಿದವು, ರಸ್ತೆಗಳು ಹೋದವು, ಎಷ್ಟೋ ಊರುಗಳಿಗೆ ಕರೆಂಟೂ ಇಲ್ಲ, ಫೋನೂ ಇಲ್ಲ. ನಮ್ಮ ನಾಟಕದ ಅಪ್ಪನಿಗೆ ಅಂಥ ಒಂದು ರಾತ್ರಿ ಎದೆ ನೋವು ಬರುತ್ತದೆ. ಅಣ್ಣ ಪಕ್ಕದ ಮನೆಯವರ ಜೀಪಿನಲ್ಲಿ, ಬಿದ್ದ ಮರಗಳನ್ನು ಕಡಿದು ದಾರಿ ಮಾಡಿಕೊಂಡು, ಹೇಗೋ ಆಸ್ಪತ್ರೆ ಮುಟ್ಟಿಸುತ್ತಾನೆ. ಅತ್ತ ಬೆಂಗಳೂರಿನಲ್ಲಿ ತಮ್ಮ ಟಿವಿಯಲ್ಲಿ ಗುಡ್ಡ ಕುಸಿಯುವುದನ್ನು ನೋಡುತ್ತಾ ಎರಡು ದಿನ ಫೋನು ಮಾಡುತ್ತಲೇ ಇರುತ್ತಾನೆ. ಪ್ರತಿ ಸಲವೂ ಅದೇ ರೆಕಾರ್ಡ್ ಮಾಡಿದ ದನಿ, ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅಂತ. ಮೂರನೇ ದಿನ ಅಣ್ಣನ ಫೋನಿಗೆ ಚಾರ್ಜು ಆಗುತ್ತದೆ. ಪರದೆ ಮೇಲೆ ತಮ್ಮನ ಒಂದು ಕರೆಯ ಗುರುತೂ ಇಲ್ಲ.

ಅಣ್ಣನ ಲೆಕ್ಕ: ಅಪ್ಪ ಸಾಯೋ ಹಾಗಿದ್ದಾಗ ಅವನು ಒಂದು ಫೋನೂ ಮಾಡಲಿಲ್ಲ. ತಮ್ಮನ ಲೆಕ್ಕ: ಇಷ್ಟು ದೊಡ್ಡ ವಿಷಯವನ್ನು ಇವನು ನನಗೆ ಒಂದು ಮಾತು ಹೇಳಲಿಲ್ಲ. ಇಬ್ಬರೂ ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಬರೀ ಮುಖ ತಿರುಗಿಸುತ್ತಾರೆ.

ಇಲ್ಲಿ ಕೆಲಸ ಮಾಡುವ ನಿಯಮ ಸರಳ. ಎದುರಿನವರು ಮಾಡಿದ್ದು ನಮಗೆ ಕಾಣುತ್ತದೆ, ಯಾಕೆ ಮಾಡಿದರು ಅನ್ನುವುದು ಕಾಣುವುದಿಲ್ಲ. ನಮ್ಮ ವಿಷಯದಲ್ಲಿ ಇದು ತಿರುಗುಮುರುಗು. ನಮ್ಮ ಕಾರಣ ನಮಗೆ ಚೆನ್ನಾಗಿ ಗೊತ್ತು, ನಾವು ಮಾಡಿದ್ದು ಹೊರಗಿನಿಂದ ಹೇಗೆ ಕಾಣುತ್ತದೆ ಅನ್ನುವುದೇ ಗೊತ್ತಿಲ್ಲ. ನಾನು ಫೋನು ಎತ್ತದಿದ್ದರೆ ಸಿಗ್ನಲ್ ಇರಲಿಲ್ಲ. ನೀನು ಎತ್ತದಿದ್ದರೆ ನಿನಗೆ ಸೊಕ್ಕು.

ಮನಸ್ಸಿನ ಈ ಅಭ್ಯಾಸವನ್ನು ಅಮೆರಿಕದ ಇಬ್ಬರು ಸಂಶೋಧಕರು, ಜೋನ್ಸ್ ಮತ್ತು ಹ್ಯಾರಿಸ್, 1967ರಲ್ಲಿ ಪರೀಕ್ಷೆ ಮಾಡಿ ತೋರಿಸಿದರು. ಕ್ಯೂಬಾದ ನಾಯಕ ಫಿಡೆಲ್ ಕ್ಯಾಸ್ಟ್ರೋ ಪರವಾಗಿ ಅಥವಾ ವಿರುದ್ಧವಾಗಿ ಬರೆದ ಪ್ರಬಂಧಗಳನ್ನು ಜನರಿಗೆ ಓದಲು ಕೊಟ್ಟರು. ಬರೆದವನ ನಿಜವಾದ ಅಭಿಪ್ರಾಯ ಏನಿರಬಹುದು ಅಂತ ಕೇಳಿದರು. ಮಜಾ ಏನೆಂದರೆ, ಕೆಲವರಿಗೆ ಮೊದಲೇ ಹೇಳಿದ್ದರು: ಯಾವ ಪರ ಬರೆಯಬೇಕು ಅನ್ನುವುದನ್ನು ಬೇರೆಯವರು ಗೊತ್ತುಮಾಡಿದ್ದು, ಬರೆದವನ ಆಯ್ಕೆ ಅಲ್ಲ ಅಂತ. ಅದು ಗೊತ್ತಿದ್ದೂ ಓದಿದವರು, ಪರವಾಗಿ ಬರೆದವನಿಗೆ ಕ್ಯಾಸ್ಟ್ರೋ ಮೇಲೆ ಒಲವು ಜಾಸ್ತಿ ಇರಬೇಕು ಅಂತಲೇ ಅಂದುಕೊಂಡರು. ಹತ್ತು ವರ್ಷದ ನಂತರ, 1977ರಲ್ಲಿ, ಲೀ ರಾಸ್ ಎಂಬ ಮನಶ್ಶಾಸ್ತ್ರಜ್ಞ ಇದಕ್ಕೊಂದು ಹೆಸರು ಕೊಟ್ಟ. ಕನ್ನಡದಲ್ಲಿ ಹೇಳಬೇಕಂದರೆ, ಸಂದರ್ಭದ ತಪ್ಪನ್ನು ಮನುಷ್ಯನ ಸ್ವಭಾವದ ತಲೆಗೆ ಕಟ್ಟುವುದು. ನಮ್ಮ ಹಿರಿಯರು "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಅಂದದ್ದು ಈ ಕಾರಣಕ್ಕೇ ಇರಬೇಕು.

ಇನ್ನೊಂದು ಪ್ರಯೋಗವನ್ನು ನಾವು ತಾಲೀಮಿನಲ್ಲೇ ಆಡಿ ನೋಡಿದೆವು. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಮಾಡಿದ್ದು ಅದು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡೊಂದನ್ನು ಮನಸ್ಸಿನಲ್ಲೇ ಹಾಡಿಕೊಳ್ಳುತ್ತಾ ಮೇಜಿನ ಮೇಲೆ ಬರೀ ತಾಳ ಬಡಿಯಬೇಕು. ಇನ್ನೊಬ್ಬರು ಅದು ಯಾವ ಹಾಡು ಅಂತ ಹೇಳಬೇಕು. ಕೇಳುವವರು ಅರ್ಧಕ್ಕರ್ಧ ಹಾಡುಗಳನ್ನು ಗುರುತಿಸುತ್ತಾರೆ ಅಂತ ಬಡಿದವರು ಅಂದುಕೊಂಡಿದ್ದರು. 120 ಹಾಡುಗಳಲ್ಲಿ ಗುರುತು ಸಿಕ್ಕಿದ್ದು 3. ನಮ್ಮಲ್ಲಿ ಅಣ್ಣನ ಪಾತ್ರದವನು ಬೆಂಚಿನ ಮೇಲೆ ಬಡಿದ. ಒಬ್ಬರಿಗೂ ಗೊತ್ತಾಗಲಿಲ್ಲ. ಅವನಿಗೆ ನಿಜವಾಗಿಯೂ ಕೋಪ ಬಂತು. "ಇಷ್ಟು ಸುಲಭದ್ದು ಗೊತ್ತಾಗಲ್ವಾ ನಿಮಗೆ!" ಅಂದ. ಆ ಕೋಪವನ್ನು ಹಾಗೇ ಇಟ್ಕೋ, ಎರಡನೇ ದೃಶ್ಯಕ್ಕೆ ಅದೇ ಬೇಕು ಅಂತ ನಾವು ಹೇಳಿದೆವು. ಯಾಕೆಂದರೆ ನಾಟಕದ ಅಣ್ಣನ ತಲೆಯೊಳಗೆ ಒಂದು ಇಡೀ ಹಾಡು ಓಡುತ್ತಿದೆ: ಆ ರಾತ್ರಿ, ಜೀಪು, ಸಾಲ, ಆಸ್ಪತ್ರೆಗೆ ದುಡ್ಡು ಹೊಂದಿಸಲು ಮಾರಿದ ತೋಟದ ಸಿಲ್ವರ್ ಓಕ್ ಮರಗಳು. ತಮ್ಮನಿಗೆ ಕೇಳುವುದು ಮೇಜಿನ ಬಡಿತ ಮಾತ್ರ. ತೋಟದಲ್ಲಿ ಮರ ಇಲ್ಲ. ಅಣ್ಣ ಹೇಳದೆ ಮಾರಿದ.

ಇಷ್ಟು ಹೇಳಿದರೆ, ಮನೆಯವರಿಗೆ ಒಬ್ಬರ ವಿಷಯ ಒಬ್ಬರಿಗೆ ಗೊತ್ತಿಲ್ಲದ್ದೇ ತೊಂದರೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಸಂಸಾರದ ನಾಟಕದಲ್ಲಿ ಅಪಾರ್ಥ ಹುಟ್ಟುವುದು ಜಾಸ್ತಿ ಗೊತ್ತಿರುವುದರಿಂದ. ಹೊರಗಿನವರಾದರೆ ಅನುಮಾನ ಬಂದಾಗ ಕೇಳುತ್ತೇವೆ. ಮನೆಯವರನ್ನು ಕೇಳುವುದಿಲ್ಲ. "ಅವನು ನಂಗೆ ಗೊತ್ತಿಲ್ವಾ" ಅನ್ನುತ್ತೇವೆ. 2011ರಲ್ಲಿ ಕೆನೆತ್ ಸವಿಟ್ಸ್ಕಿ, ಬೋಜ್ ಕೀಸರ್, ನಿಕೋಲಸ್ ಎಪ್ಲಿ ಮತ್ತು ಜೊತೆಗಾರರು ಗಂಡ ಹೆಂಡತಿಯರನ್ನು ಕೂರಿಸಿ ಇದನ್ನೇ ನೋಡಿದರು. ಎರಡು ಮೂರು ಅರ್ಥ ಬರುವ ಮಾತನ್ನು ಸಂಗಾತಿ ಹೇಳಿದಾಗ ಹೆಚ್ಚು ಸರಿಯಾಗಿ ತಿಳಿಯುತ್ತದೋ, ಅಪರಿಚಿತರು ಹೇಳಿದಾಗಲೋ? ಸಂಗಾತಿಯಿಂದ ವಿಶೇಷ ಲಾಭವೇನೂ ಸಿಗಲಿಲ್ಲ. ಆದರೆ ತಮ್ಮ ಸಂಗಾತಿಗೆ ಅರ್ಥವಾಗೇ ಆಗುತ್ತದೆ ಅನ್ನುವ ಭರವಸೆ ಮಾತ್ರ ಹೆಚ್ಚಿತ್ತು. ಹತ್ತಿರ ಇದ್ದಷ್ಟೂ ಕೇಳಿ ತಿಳಿದುಕೊಳ್ಳುವುದು ಕಡಿಮೆ.

ನಮ್ಮ ನಾಟಕದಲ್ಲಿ ಇದನ್ನು ತೋರಿಸಲು ಒಂದು ಹಳೇ ದಿನ ಬೇಕಾಯಿತು. ಬರೆಯುವಾಗ ನನಗೆ ತುಂಬಾ ಹಿಡಿಸಿದ ಭಾಗ ಇದೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮಾರ್ಚ್ ತಿಂಗಳು. ರೊಬಸ್ಟಾ ಕಾಫಿ ಮೊಗ್ಗು ಕಟ್ಟಿ ಹೂಮಳೆಗೆ ಕಾಯುತ್ತಿದೆ. ಒಂದೊಳ್ಳೆ ಮಳೆ ಬಿದ್ದರೆ ಸುಮಾರು ಒಂದು ವಾರ, ಹತ್ತು ದಿನದೊಳಗೆ ತೋಟ ಪೂರ್ತಿ ಬೆಳ್ಳಗೆ ಅರಳುತ್ತದೆ. ಆ ಮಳೆ ಬರದಿದ್ದರೆ ವರ್ಷದ ಫಸಲೇ ಕೈಕೊಡುತ್ತದೆ. ಅದೇ ಹೊತ್ತಿಗೆ ಕಣದಲ್ಲಿ ಕರಿಮೆಣಸು ಒಣಗುತ್ತಿದೆ. ಅದಕ್ಕೆ ಒಂದು ಹನಿ ನೀರೂ ಬೀಳಬಾರದು. ಅಪ್ಪ ಹನ್ನೆರಡು ವರ್ಷದ ಅಣ್ಣನಿಗೆ ಕಣ ನೋಡಿಕೊಳ್ಳಲು ಹೇಳಿದ. ಅಣ್ಣ ಎಂಟು ವರ್ಷದ ತಮ್ಮನನ್ನು ಕೂರಿಸಿ ಆಡಲು ಹೋದ. ಮಧ್ಯಾಹ್ನದ ಬಿಸಿಲಿಗೆ ತಮ್ಮನಿಗೆ ಜೋಂಪು ಹತ್ತಿತು. ಮೂರು ಗಂಟೆಗೆ ಮಳೆ ಬಂತು. ಟಾರ್ಪಾಲು ಎಳೆಯುವವರು ಯಾರೂ ಇಲ್ಲ. ಮೆಣಸು ನೆನೆದು ಕಣದ ಮೂಲೆಗೆ ಹರಿದುಹೋಯಿತು. ಏಟು ಬಿದ್ದದ್ದು ಅಣ್ಣನಿಗೆ.

ಈಗ ಮೂವತ್ತು ವರ್ಷದ ನಂತರ ಮೂವರಿಗೂ ಆ ದಿನ ಹೇಗೆ ನೆನಪಿದೆ ನೋಡಿ. ಅಪ್ಪನಿಗೆ ಅದು ಒಳ್ಳೆ ಹೂಮಳೆ ಬಿದ್ದ ವರ್ಷ. ಆ ಸಲದ ಫಸಲನ್ನು ಇವತ್ತಿಗೂ ನೆಂಟರ ಎದುರು ಹೇಳುತ್ತಾನೆ. ಅಣ್ಣನಿಗೆ ಅದು ತಮ್ಮನ ನಿದ್ದೆಗೆ ತಾನು ಪೆಟ್ಟು ತಿಂದ ದಿನ. ತಮ್ಮನಿಗೆ ಏನೂ ನೆನಪಿಲ್ಲ. ಆದರೆ ಅಣ್ಣ ಮಾತು ಮಾತಿಗೆ "ಕಣ ಕಾಯೋಕೂ ಆಗದವನು" ಅನ್ನುತ್ತಾನೆ. ತಮ್ಮನಿಗೆ ಆ ಮಾತು ಎಲ್ಲಿಂದ ಬಂತು ಅಂತ ಗೊತ್ತಿಲ್ಲ. ನನ್ನನ್ನು ಕಂಡರೆ ಇವನಿಗೆ ಮೊದಲಿಂದಲೂ ಆಗಲ್ಲ ಅಂತ ತೀರ್ಮಾನ ಮಾಡಿಕೊಂಡಿದ್ದಾನೆ.

ಹೀಗೆ ಎಂಟು ವರ್ಷದ ಹುಡುಗನ ಮೇಲೆ ಅಂಟಿಸಿದ ಹೆಸರನ್ನು ಮೂವತ್ತೆಂಟು ವರ್ಷದ ಗಂಡಸು ಹೊತ್ತುಕೊಂಡು ತಿರುಗುತ್ತಿದ್ದಾನೆ. ಫೋನು ಬಾರದಿದ್ದಾಗ ಅಣ್ಣ ಹೊಸದಾಗಿ ಯೋಚನೆ ಮಾಡಲೇ ಇಲ್ಲ. ಹಳೇ ಹೆಸರು ರೆಡಿಯಾಗಿ ಇತ್ತು. ಒಂದು ಪಾತ್ರ ಇನ್ನೊಂದನ್ನು ತಪ್ಪಾಗಿ ಅಳೆಯುವಾಗ ಬರೆಯುವವರು ಕೇಳಬೇಕಾದ ಪ್ರಶ್ನೆ, ಇವನು ನೋಡುತ್ತಿರುವುದು ಎದುರಿಗಿರುವ ಮನುಷ್ಯನನ್ನೋ, ನೆನಪಿನಲ್ಲಿರುವವನನ್ನೋ ಅನ್ನುವುದು. ಆ ಹೆಸರಿನ ಬೇರು ಯಾವ ದಿನದಲ್ಲಿದೆ ಅಂತ ಬರೆಯುವವರಿಗೆ ಗೊತ್ತಿರಬೇಕು. ಆ ದಿನ ರಂಗದ ಮೇಲೆ ಬಾರದಿದ್ದರೂ ಪರವಾಗಿಲ್ಲ.

ನಡುವೆ ನಿಂತು ಮಾತು ದಾಟಿಸುವವರ ವಿಷಯವನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ, ಯಾಕೆಂದರೆ ಇದು ಎಲ್ಲರ ಮನೆಯಲ್ಲೂ ಇರುವುದೇ. ಅಣ್ಣ, "ಈ ಸಲ ಕೊಯ್ಲಿಗೆ ಬಂದು ಒಂದು ವಾರ ಜೊತೆಗಿರಲಿ" ಅನ್ನುತ್ತಾನೆ. ಅವ್ವ ಫೋನಿನಲ್ಲಿ, "ಅಣ್ಣಂಗೆ ಕೊಯ್ಲಿನ ಕೆಲ್ಸ ಜಾಸ್ತಿ ಕಣೋ, ಆದ್ರೆ ನೀನು ರಜೆ ಹಾಕಿ ತೊಂದ್ರೆ ತಗೋಬೇಡ" ಅನ್ನುತ್ತಾಳೆ. ತಮ್ಮನಿಗೆ ಕೇಳಿಸುವುದು, ಬರಬೇಡ ಅಂತ. ಅವ್ವ ಮಾಡಿದ್ದು ಇಬ್ಬರಿಗೂ ನೋವಾಗದಿರಲಿ ಅಂತ. ಒಳ್ಳೆಯ ಮನಸ್ಸಿನಿಂದ ಮಾತನ್ನು ಮೆತ್ತಗೆ ಮಾಡುವವರು ಅಪಾರ್ಥವನ್ನು ವರ್ಷಗಟ್ಟಲೆ ಉಳಿಸುತ್ತಾರೆ.

ಕೊಡಗಿನವರಿಗೆ ಈ ವಿಷಯ ಹೊಸದಲ್ಲ. ನಮ್ಮ ನದಿಯ ಕತೆಯೇ ಒಂದು ಸಂಸಾರದ ನಾಟಕ. ಇಲ್ಲಿ ಹೇಳುವ ಕತೆಯ ಪ್ರಕಾರ ಕವೇರ ಮುನಿಯ ಸಾಕುಮಗಳು ಕಾವೇರಿ, ಅಗಸ್ತ್ಯರನ್ನು ಮದುವೆಯಾಗಲು ಒಂದು ಷರತ್ತು ಹಾಕುತ್ತಾಳೆ: ನನ್ನನ್ನು ಒಂಟಿಯಾಗಿ ಬಿಟ್ಟು ಹೋಗಬಾರದು. ಅವರು ಒಪ್ಪುತ್ತಾರೆ. ಒಂದು ದಿನ ಅವಳನ್ನು ಕಮಂಡಲದಲ್ಲಿ ಇರಿಸಿ, ಶಿಷ್ಯರನ್ನು ಕಾವಲಿಗೆ ಬಿಟ್ಟು, ಸ್ನಾನಕ್ಕೆ ಹೋಗುತ್ತಾರೆ. ಅವಳು ಕಮಂಡಲದಿಂದ ಹೊರಗೆ ಹರಿದುಬಿಡುತ್ತಾಳೆ. ಶಿಷ್ಯರು ತಡೆಯಲು ನೋಡಿದರೆ ನೆಲದೊಳಗೆ ಇಳಿದು, ಭಾಗಮಂಡಲದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಾಳೆ. ಪ್ರತಿ ವರ್ಷ ಅಕ್ಟೋಬರಿನಲ್ಲಿ ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ಜನ ತೀರ್ಥೋದ್ಭವಕ್ಕೆ ಕಾಯುತ್ತಾ ನಿಂತಾಗ ಈ ಕತೆಯೂ ಅವರ ಜೊತೆ ನಿಂತಿರುತ್ತದೆ. ಕೊಡವ ಭಾಷೆಯ ಮೊದಲಿಗರಲ್ಲಿ ಒಬ್ಬರಾದ ನಾಟಕಕಾರ ಹರದಾಸ ಅಪ್ಪಚ್ಚ ಕವಿ (1868–1944) ಕೂಡ ಕಾವೇರಿಯ ಮೇಲೆ ನಾಟಕ ಬರೆದರು.

ಈ ಕತೆಯನ್ನು ಭಕ್ತಿಯಿಂದ ಕೇಳಿಯೇ ನಾನು ಬೆಳೆದದ್ದು. ನಾಟಕ ಬರೆಯಲು ಕೂತ ಮೇಲೆ ಅದರಲ್ಲಿ ಇನ್ನೊಂದು ಕಂಡಿತು. ಜಗಳ ಇರುವುದು "ಒಂಟಿ" ಅನ್ನುವ ಒಂದು ಮಾತಿನಲ್ಲಿ. ಅಗಸ್ತ್ಯರ ಲೆಕ್ಕದಲ್ಲಿ ಅವಳು ಒಂಟಿಯಲ್ಲ, ಶಿಷ್ಯರು ಇದ್ದಾರಲ್ಲ. ಅವಳ ಲೆಕ್ಕದಲ್ಲಿ ನೀವಿಲ್ಲದಿದ್ದರೆ ನಾನು ಒಂಟಿ, ಸುತ್ತ ಯಾರೇ ಇರಲಿ. ಅವರು ಮಾತು ತಪ್ಪಿಲ್ಲ ಅಂತ ನಂಬಿದ್ದಾರೆ, ಅವರು ಮಾತು ತಪ್ಪಿದರು ಅಂತ ಅವಳು ನಂಬಿದ್ದಾಳೆ. ಇದರ ಕೆಳಗೆ ಇನ್ನೂ ಒಂದು ಪದರ ಇದೆ. ಅವಳಿಗೆ ಮೊದಲಿಂದಲೂ ನದಿಯಾಗಿ ಲೋಕಕ್ಕೆ ಹರಿಯುವ ಆಸೆ. ಅಗಸ್ತ್ಯರು ಷರತ್ತನ್ನು ಕೇಳಿಸಿಕೊಂಡರು, ಷರತ್ತಿನ ಹಿಂದಿದ್ದ ಆಸೆಯನ್ನು ಕೇಳಿಸಿಕೊಳ್ಳಲಿಲ್ಲ. ಪಾತ್ರಗಳು ಜಗಳವಾಡುವ ವಿಷಯ ಒಂದು, ಅಪಾರ್ಥ ಮಾಡಿಕೊಂಡಿರುವುದು ಇನ್ನೊಂದು. ಒಳ್ಳೆಯ ನಾಟಕದಲ್ಲಿ ಇವೆರಡೂ ಬೇರೆ ಬೇರೆ ಇರುತ್ತವೆ. ನಮ್ಮ ಅಣ್ಣ ತಮ್ಮ ಜಗಳವಾಡುವುದು ಸಿಲ್ವರ್ ಮರದ ದುಡ್ಡಿಗೆ.

ಇಷ್ಟೆಲ್ಲ ಇದ್ದರೂ ನೋಡುವವರನ್ನು ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದರ ಮೇಲೆ ನಾಟಕ ನಿಲ್ಲುತ್ತದೆ. ನಾವು ಮೊದಲು ಬರೆದಾಗ ತಮ್ಮ ಫೋನು ಮಾಡಿದ್ದನ್ನು ಕೊನೆಯವರೆಗೆ ಮುಚ್ಚಿಟ್ಟಿದ್ದೆವು. ಕೊನೆಗೆ ಗೊತ್ತಾದಾಗ ಜನ "ಓಹ್" ಅನ್ನುತ್ತಾರೆ ಅಂತ. ಓದಿ ನೋಡಿದರೆ ಸಪ್ಪೆ. ಅಲ್ಲಿಯವರೆಗೆ ಜನರೂ ಅಣ್ಣನ ಜೊತೆ ಸೇರಿ ತಮ್ಮನನ್ನು ಬೈಯುತ್ತಾ ಕೂತಿರುತ್ತಾರೆ, ಅಷ್ಟೇ. ಆಮೇಲೆ ರಂಗವನ್ನು ಎರಡು ಭಾಗ ಮಾಡಿದೆವು. ಎಡಕ್ಕೆ ಬೆಂಗಳೂರಿನ ಕೋಣೆ, ಬಲಕ್ಕೆ ಕತ್ತಲ ಮನೆ. ತಮ್ಮ ನಂಬರು ಒತ್ತುವುದೂ ಕಾಣುತ್ತದೆ, ಅಣ್ಣ ಸೀಮೆಎಣ್ಣೆ ದೀಪದಲ್ಲಿ ಅಪ್ಪನನ್ನು ಎತ್ತುವುದೂ ಕಾಣುತ್ತದೆ. ಈಗ ನೋಡುವವರಿಗೆ ಎಲ್ಲ ಗೊತ್ತು, ಆ ಇಬ್ಬರಿಗೆ ಮಾತ್ರ ಗೊತ್ತಿಲ್ಲ. ಆಮೇಲಿನ ಒಂದೊಂದು ಕುಹಕದ ಮಾತೂ ಎದೆಗೆ ನಾಟುತ್ತದೆ.

ಗ್ರೀಸಿನ ಅರಿಸ್ಟಾಟಲ್ ಕಾವ್ಯಮೀಮಾಂಸೆಯಲ್ಲಿ ಇದರ ಬಗ್ಗೆ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಬರೆದಿದ್ದಾನೆ. ವೈರಿ ವೈರಿಯನ್ನು ನೋಯಿಸಿದರೆ ಅಷ್ಟು ಕನಿಕರ ಹುಟ್ಟುವುದಿಲ್ಲ, ಒಂದೇ ರಕ್ತದವರ ನಡುವೆ ನಡೆದರೆ ಹುಟ್ಟುತ್ತದೆ ಅಂದ. ಗೊತ್ತಿಲ್ಲದ ಸ್ಥಿತಿಯಿಂದ ಗೊತ್ತಾಗುವ ಸ್ಥಿತಿಗೆ ಪಾತ್ರಗಳು ಬರುವುದನ್ನು ಅವನು ಬಗೆಬಗೆಯಾಗಿ ವಿಂಗಡಿಸಿದ. ಮೈಮೇಲಿನ ಗುರುತು, ಸರ, ಇಂಥವನ್ನು ತೋರಿಸಿ ಗುರುತು ಹಿಡಿಸುವುದು ಕೆಳಗಿನ ದರ್ಜೆ. ಕತೆಯ ಘಟನೆಗಳಿಂದಲೇ ತಾನಾಗಿ ತಿಳಿಯುವುದು ಮೇಲಿನದು.

ನಮ್ಮ ಮೊದಲ ಬರವಣಿಗೆಯಲ್ಲಿ ಅವ್ವ ಕೊನೆಗೆ ಎರಡು ಪುಟ ಮಾತಾಡಿ ಎಲ್ಲರ ತಪ್ಪನ್ನೂ ಬಿಡಿಸಿ ಹೇಳುತ್ತಿದ್ದಳು. ಅದನ್ನು ಕಿತ್ತು ಹಾಕಿದೆವು. ಕಿತ್ತ ಮೇಲೆ ಇಡೀ ನಾಟಕವನ್ನು ಇನ್ನೊಮ್ಮೆ ಓದುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಅಷ್ಟು ಹೊತ್ತು ಯಾರೂ ಯಾರನ್ನೂ ನಿಜವಾಗಿ ಏನನ್ನೂ ಕೇಳಿಯೇ ಇಲ್ಲ. ಪ್ರಶ್ನೆಗಳೇನೋ ಬೇಕಾದಷ್ಟು ಇವೆ. "ಈಗ ನೆನಪಾಯ್ತಾ ನಾವು?" "ಕೇಳಿ ಮಾರೋಕೆ ನಾನ್ಯಾರು ಅಲ್ವಾ?" ಇವಕ್ಕೆ ಉತ್ತರ ಬೇಕಾಗಿಲ್ಲ, ಏಟು ಕೊಟ್ಟರೆ ಸಾಕು. ಉತ್ತರ ಬೇಕಾಗಿ ಕೇಳಿದ ಮಾತು ಒಂದೂ ಇರಲಿಲ್ಲ.

ಹಾಗಾಗಿ ಕೊನೆಯ ದೃಶ್ಯವನ್ನು ಅಡುಗೆಮನೆಗೆ ತಂದೆವು. ಗಂಡಸರ ಜಗಳ ಜಗಲಿಯಲ್ಲಿ ನಡೆಯುತ್ತಲೇ ಇರುತ್ತದೆ, ಮಳೆಯ ಸದ್ದಿನಲ್ಲಿ ಸರಿಯಾಗಿ ಕೇಳುವುದಿಲ್ಲ. ಅತ್ತಿಗೆ ಶೋಕೇಸಿನ ಕಪ್ಪು ಒರೆಸಿ ಕಟ್ಟೆಯ ಮೇಲೆ ಇಟ್ಟಿದ್ದಾಳೆ. ತಮ್ಮನ ಹೆಂಡತಿ ಒಳಗೆ ಬರುತ್ತಾಳೆ. ಕಪ್ಪನ್ನು ನೋಡುತ್ತಾಳೆ. ಗೂಡಿನಿಂದ ಒಂದು ಸ್ಟೀಲ್ ಲೋಟ ತಗೊಂಡು ಅದಕ್ಕೆ ಕಾಫಿ ಹಾಕಿಕೊಳ್ಳುತ್ತಾಳೆ. ಅತ್ತಿಗೆಯ ಕೈ ಅಲ್ಲೇ ನಿಲ್ಲುತ್ತದೆ. ಬೈಯಲು ಬಾಯಿ ತೆಗೆದವಳು, ಸ್ವಲ್ಪ ತಡೆದು ಕೇಳುತ್ತಾಳೆ:

"ಕಪ್ಪು ನಿಂಗೆ ಇಷ್ಟ ಇಲ್ವಾ?"

ತಮ್ಮನ ಹೆಂಡತಿ ತಕ್ಷಣ ಉತ್ತರ ಕೊಡುವುದಿಲ್ಲ. ಲೋಟ ಬಿಸಿಯಿದೆ. ಸೆರಗಿನ ತುದಿಯಲ್ಲಿ ಹಿಡಿದುಕೊಂಡು, ಒಲೆಯ ಪಕ್ಕದ ಮಣೆಯ ಮೇಲೆ, ಅತ್ತಿಗೆಯ ಎದುರಿಗೆ ಕೂರುತ್ತಾಳೆ.